ಹಾಳೆಯಲ್ಲಿ ಸರಿ, ಫೈಲಿನಲ್ಲಿ ತಪ್ಪು: ಒಂದು ಹಾಲಿನ ಸಂಘದ ಬಟವಾಡೆ ಪ್ರಕರಣ

ಹಾಸನ ಜಿಲ್ಲೆಯ ಒಂದು ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಹೋದ ವರ್ಷ ಬಟವಾಡೆ ಅರ್ಧಕ್ಕೆ ಸಿಕ್ಕಿಕೊಂಡಿತು. ಸಂಘದ ಖಾತೆಯಲ್ಲಿ ದುಡ್ಡಿತ್ತು. ಲೀಟರು, ಫ್ಯಾಟು, ದರ ಎಲ್ಲ ಸರಿಯಾಗಿ ಕೂಡಿತ್ತು. ಬ್ಯಾಂಕಿನ ಸೈಟೂ ಕೆಲಸ ಮಾಡುತ್ತಿತ್ತು. ಆದರೂ 17 ಸದಸ್ಯರ ಹಾಲಿನ ದುಡ್ಡು ಖಾತೆಗೆ ಬೀಳದೆ ವಾಪಸ್ ಬಂತು. ಹುಡುಕಿದಾಗ ಸಿಕ್ಕ ಕಾರಣ ಎಕ್ಸೆಲ್ ಹಾಳೆಯ ಸೆಲ್ ಫಾರ್ಮ್ಯಾಟ್, ಅಂದರೆ ಹಾಳೆಯ ಒಂದೊಂದು ಚೌಕದಲ್ಲಿ ಅಂಕಿ ಹೇಗೆ ಕಾಣಬೇಕು ಅಂತ ಇಟ್ಟ ಆಯ್ಕೆ.

ಸಂಘಗಳ ಲೆಕ್ಕಪತ್ರ ಮತ್ತು ಕಂಪ್ಯೂಟರ್ ಕೆಲಸ ನೋಡಿಕೊಡುವವನು ನಾನು. ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಲು ಕಾರಣವಿದೆ. ಇದರಲ್ಲಿ ಒಂದಲ್ಲ, ನಾಲ್ಕೈದು ಬೇರೆ ಬೇರೆ ದೋಷಗಳು ಒಂದರ ಮೇಲೊಂದು ಕೂತಿದ್ದವು. ಒಂದನ್ನು ಸರಿ ಮಾಡಲು ಹೋಗಿ ಇನ್ನೊಂದು ಹುಟ್ಟಿತ್ತು. ಎಲ್ಲದರ ಬೇರು ಮಾತ್ರ ಒಂದೇ. ಶಾಲೆಯ ವಿದ್ಯಾರ್ಥಿ ಪಟ್ಟಿ, ಗಾರ್ಮೆಂಟ್ಸ್‌ನ ಪಿಎಫ್ ಫೈಲು, ಸೊಸೈಟಿಯ ಸಾಲದ ಪಟ್ಟಿ, ಯಾವುದನ್ನು ಎಕ್ಸೆಲ್‌ನಿಂದ ತೆಗೆದು ಬೇರೆ ಕಡೆ ಏರಿಸುವವರಿಗೂ ಇದು ಬರುವಂಥದ್ದೇ. ಕೆಳಗೆ ಕೊಟ್ಟಿರುವ ಖಾತೆ ಸಂಖ್ಯೆಗಳು ನಿಜವಾದವಲ್ಲ, ವಿವರಿಸಲು ಮಾಡಿಕೊಂಡವು.

ಪ್ರಿಂಟಿಗೆ ಮಾಡಿದ ಹಾಳೆ

ಮುಂಚೆ ಈ ಸಂಘದ ಎಲ್ಲ ಸದಸ್ಯರ ಖಾತೆಯೂ ಒಂದೇ ಶಾಖೆಯಲ್ಲಿತ್ತು. ಎಲ್ಲವೂ 11 ಅಂಕಿಯ ಖಾತೆ ಸಂಖ್ಯೆ. ಕಾರ್ಯದರ್ಶಿಯವರು ಪಟ್ಟಿ ಪ್ರಿಂಟ್ ತೆಗೆದು, ಸೀಲು ಹಾಕಿ, ಶಾಖೆಗೆ ಕೊಟ್ಟು ಬರುತ್ತಿದ್ದರು. ಶಾಖೆಯವರು ನೋಡಿಕೊಂಡು ಏರಿಸುತ್ತಿದ್ದರು. ಹಾಗಾಗಿ ಆ ಹಾಳೆ ಕಣ್ಣಿಗೆ ಒಪ್ಪುವ ಹಾಗೆ ತಯಾರಾಗಿತ್ತು. ಮೊತ್ತದ ಮುಂದೆ ರೂಪಾಯಿ ಚಿಹ್ನೆ, ಸಾವಿರಕ್ಕೆ ಕಾಮಾ, ಸದಸ್ಯರ ಕೋಡು 001, 002 ಅಂತ ಮೂರು ಅಂಕಿ, ಎಲ್ಲ ಕಾಲಂ ನಡುವಿಗೆ ಜೋಡಿಸಿದ್ದು. ಹೆಸರುಗಳು ನುಡಿ ಫಾಂಟಿನಲ್ಲಿ. ಪ್ರಿಂಟಿಗೆ ಅದು ತುಂಬಾ ಒಳ್ಳೆಯ ಹಾಳೆ. ಈಗಲೂ ನಾನು ಹಾಗೇ ಹೇಳುತ್ತೇನೆ.

ಆಮೇಲೆ ಹೊಸ ಸದಸ್ಯರು ಸೇರಿದರು. ಅವರ ಖಾತೆಗಳು ಬೇರೆ ಬ್ಯಾಂಕುಗಳಲ್ಲಿ. ಕೆಲವರದು 13 ಅಂಕಿ, ಸೊನ್ನೆಯಿಂದ ಶುರುವಾಗುವಂಥದ್ದು. ನಾಲ್ವರದು 16 ಅಂಕಿ. ಅದೇ ಹೊತ್ತಿಗೆ ಶಾಖೆಯವರು ಇನ್ನು ಮೇಲೆ ಪ್ರಿಂಟ್ ಬೇಡ, ಸಿಎಸ್‌ವಿ ಫೈಲು ಮಾಡಿ ಬ್ಯಾಂಕಿನ ಸೈಟಿಗೆ, ಅಂದರೆ ಪೋರ್ಟಲ್‌ಗೆ, ನೀವೇ ಏರಿಸಿ ಅಂದರು. ಸಿಎಸ್‌ವಿ ಅಂದರೆ ಬಣ್ಣ, ಫಾಂಟು ಏನೂ ಇಲ್ಲದೆ, ಕಾಲಂಗಳ ನಡುವೆ ಕಾಮಾ ಹಾಕಿದ ಬರೀ ಅಕ್ಷರಗಳ ಫೈಲು. ಹಾಳೆ ಅದೇ ಇತ್ತು. ಅದಕ್ಕೆ ಬಿದ್ದ ಕೆಲಸ ಮಾತ್ರ ಬೇರೆಯಾಗಿತ್ತು.

ಬಟವಾಡೆ ದಿನ ಸಂಜೆ ಕಾರ್ಯದರ್ಶಿಯವರ ಫೋನು ಬಂತು. "ಅಣ್ಣಾ, ಬೆಳಿಗ್ಗೆ ಫೈಲ್ ತಗೊಳ್ಳಲೇ ಇಲ್ಲ. ಎಲ್ಲ ಸಾಲಲ್ಲೂ ಮೊತ್ತ ತಪ್ಪು ಅಂತು. ನಾನೇ ಸರಿ ಮಾಡಿ ಹಾಕ್ದೆ, ತಗೊಂತು. ಈಗ ನೋಡಿದ್ರೆ 17 ಜನರ ದುಡ್ಡು ವಾಪಸ್ ಬಂದಿದೆ. ಹಾಳೇಲಿ ನಂಬರೆಲ್ಲ ಸರಿಯಾಗೇ ಇದೆಯಲ್ಲಾ?"

ಹಾಳೆಯಲ್ಲಿ ಸರಿಯಾಗಿಯೇ ಇತ್ತು. ಅವರು ಹೇಳಿದ್ದು ನಿಜ.

ವಾಪಸ್ ಬಂದಿದ್ದು ಅದೇ ಸಂಜೆ ಗೊತ್ತಾಗಿದ್ದು ಒಳ್ಳೆಯದಾಯಿತು. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಕಂತು ಕಂತಾಗಿ (ಬ್ಯಾಚ್) ದುಡ್ಡು ಕಳಿಸುವ ವ್ಯವಸ್ಥೆ ಎನ್‌ಇಎಫ್‌ಟಿ. ಅದು 2019ರ ಡಿಸೆಂಬರ್ 16ರಿಂದ ದಿನದ 24 ಗಂಟೆಯೂ ನಡೆಯುತ್ತದೆ. ದುಡ್ಡು ಖಾತೆಗೆ ಹಾಕಲು ಆಗದಿದ್ದರೆ ಅದನ್ನು ಪಡೆದ ಬ್ಯಾಂಕು ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಹಿಂದಿರುಗಿಸಬೇಕು. ಆದರೆ ಇನ್ನೊಂದು ವಿಷಯ ನನಗೆ ಭಯ ಹುಟ್ಟಿಸಿತು. ಎನ್‌ಇಎಫ್‌ಟಿಯಲ್ಲಿ ದುಡ್ಡು ಜಮೆಯಾಗುವುದು ಖಾತೆ ಸಂಖ್ಯೆ ನೋಡಿ. ಹೆಸರು ಹೊಂದಿಸಿ ನೋಡಬೇಕಾಗಿಲ್ಲ ಅಂತ ಆರ್‌ಬಿಐ 2010ರಲ್ಲೇ ಹೇಳಿದೆ. ಖಾತೆ ಸಂಖ್ಯೆ ಕೆಟ್ಟು ಅದು ಬೇರೆ ಯಾರದ್ದೋ ಸಂಖ್ಯೆಯಾಗಿಬಿಟ್ಟರೆ ದುಡ್ಡು ವಾಪಸ್ ಬರುವುದಿಲ್ಲ. ಅವರ ಖಾತೆಗೆ ಹೋಗಿ ಕೂರುತ್ತದೆ. ವಾಪಸ್ ಬಂದದ್ದು ಪುಣ್ಯ ಅಂತಲೇ ಅನ್ನಬೇಕು.

ಮೊದಲು ತೆರೆದದ್ದು ನೋಟ್‌ಪ್ಯಾಡ್

ಇಂಥ ಪ್ರಕರಣದಲ್ಲಿ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಯಾಕಂದ್ರೆ ಎಕ್ಸೆಲ್ ಫೈಲನ್ನು ಇದ್ದ ಹಾಗೆ ತೋರಿಸುವುದಿಲ್ಲ, ತನಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡು ತೋರಿಸುತ್ತದೆ. ಬ್ಯಾಂಕಿನ ಕಂಪ್ಯೂಟರ್ ಓದುವುದು ಬರೀ ಅಕ್ಷರಗಳನ್ನು. ನಾವೂ ಅದನ್ನೇ ನೋಡಬೇಕು. ಅದಕ್ಕೆ ನೋಟ್‌ಪ್ಯಾಡ್ ಸಾಕು.

ಬೆಳಿಗ್ಗೆ ತಿರಸ್ಕಾರವಾದ ಫೈಲು, ಆಮೇಲೆ ಹೋದ ಫೈಲು, ಎರಡನ್ನೂ ಪಕ್ಕಪಕ್ಕ ತೆರೆದೆವು. 27ನೇ ಕೋಡಿನ ಸದಸ್ಯರ ಸಾಲು ಮೊದಲ ಫೈಲಿನಲ್ಲಿ ಹೀಗಿತ್ತು:

027,?????,0123101004567," ? 3,482.75 "

ಎರಡನೆಯದರಲ್ಲಿ ಹೀಗೆ:

27,?????,123101004567,3482.75

ಎರಡನ್ನೂ ಎರಡು ಸಲ ಓದಿ. ಮೊದಲ ಫೈಲಿನಲ್ಲಿ ಖಾತೆ ಸಂಖ್ಯೆ ಸರಿ, ಮೊತ್ತ ಕೆಟ್ಟಿದೆ. ಎರಡನೆಯದರಲ್ಲಿ ಮೊತ್ತ ಸರಿ, ಖಾತೆ ಸಂಖ್ಯೆಯ ಮುಂದಿನ ಸೊನ್ನೆ ಮಾಯ. ಸದಸ್ಯರ ಕೋಡಿನ ಸೊನ್ನೆಯೂ ಹೋಗಿದೆ. ಈ ಎರಡು ಸಾಲುಗಳಲ್ಲೇ ಅರ್ಧ ಪ್ರಕರಣ ಇದೆ.

ಮೊದಲ ಫೈಲಿನ ಮೊತ್ತ ನೋಡಿ. ಹಾಳೆಯಲ್ಲಿ ಅದು ಅಕೌಂಟಿಂಗ್ ಫಾರ್ಮ್ಯಾಟಿನಲ್ಲಿತ್ತು. ಆ ಫಾರ್ಮ್ಯಾಟು ಅಂಕಿಯ ಮುಂದೆಯೂ ಹಿಂದೆಯೂ ಸ್ವಲ್ಪ ಜಾಗ ಬಿಡುತ್ತದೆ, ರೂಪಾಯಿ ಚಿಹ್ನೆ ಹಾಕುತ್ತದೆ, ಕಾಮಾ ಹಾಕುತ್ತದೆ. ಸಿಎಸ್‌ವಿಗೆ ಉಳಿಸುವಾಗ ಎಕ್ಸೆಲ್ ಬರೆಯುವುದು ಸೆಲ್‌ನಲ್ಲಿ ಕಾಣುವುದನ್ನು. ಹಾಗಾಗಿ ಆ ಜಾಗ, ಚಿಹ್ನೆ, ಕಾಮಾ ಎಲ್ಲವೂ ಫೈಲಿಗೆ ಹೋದವು. ಮಧ್ಯೆ ಕಾಮಾ ಇರುವುದರಿಂದ ಸುತ್ತ ಉದ್ಧರಣ ಚಿಹ್ನೆಯೂ ಬಂತು. ರೂಪಾಯಿ ಚಿಹ್ನೆ ಪ್ರಶ್ನಾರ್ಥಕವಾಗಿದ್ದು ಇನ್ನೊಂದು ಕಾರಣಕ್ಕೆ. ಬರೀ "ಸಿಎಸ್‌ವಿ" ಅಂತ ಉಳಿಸಿದರೆ ವಿಂಡೋಸ್‌ನ ಹಳೆಯ ಅಕ್ಷರ ಪಟ್ಟಿ ಬಳಕೆಯಾಗುತ್ತದೆ. ಅದರಲ್ಲಿ ರೂಪಾಯಿ ಚಿಹ್ನೆಗೂ ಜಾಗವಿಲ್ಲ, ಕನ್ನಡಕ್ಕೂ ಇಲ್ಲ. ಜಾಗವಿಲ್ಲದ ಅಕ್ಷರಕ್ಕೆಲ್ಲ ಪ್ರಶ್ನಾರ್ಥಕ ಬೀಳುತ್ತದೆ. ಇಂಥದ್ದನ್ನು ಪೋರ್ಟಲ್ ಮೊತ್ತ ಅಂತ ಹೇಗೆ ಒಪ್ಪೀತು?

ಕಾರ್ಯದರ್ಶಿಯವರು ಮಾಡಿದ್ದು ಏನು? ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರು. ಎಕ್ಸೆಲ್‌ನಲ್ಲಿ ತೆರೆಯಿತು. ಪ್ರಶ್ನಾರ್ಥಕ ಚಿಹ್ನೆ ತೆಗೆಯಲು ರಿಪ್ಲೇಸ್ ಒತ್ತಿದರು. ಕಾಲಂ ಪೂರ್ತಿ ಖಾಲಿಯಾಯಿತು. ಎಕ್ಸೆಲ್‌ನ ಹುಡುಕಾಟದಲ್ಲಿ ಪ್ರಶ್ನಾರ್ಥಕ ಅಂದರೆ "ಯಾವುದಾದರೂ ಒಂದು ಅಕ್ಷರ" ಅಂತ ಅರ್ಥ. ಅದರ ಮುಂದೆ ಅಲೆಗೆರೆ (~) ಹಾಕಿದರೆ ಮಾತ್ರ ಪ್ರಶ್ನಾರ್ಥಕವನ್ನೇ ಹುಡುಕುತ್ತದೆ. ಇದನ್ನು ಯಾರೂ ಹೇಳಿಕೊಡದೆ ಯಾರಿಗೂ ತಿಳಿಯುವುದಿಲ್ಲ. ಅವರು ಗಾಬರಿಯಾಗಿ ಅನ್‌ಡೂ ಮಾಡಿ, ಮೂಲ ಹಾಳೆಯಿಂದ ಮೊತ್ತದ ಕಾಲಂ ಕಾಪಿ ಮಾಡಿ, ಬರೀ ಮೌಲ್ಯ ಪೇಸ್ಟ್ ಮಾಡಿ, ಎರಡು ದಶಮಾಂಶ ಇಟ್ಟು ಉಳಿಸಿದರು. ಜಾಣತನದ ಕೆಲಸವೇ. ಮೊತ್ತ ಸರಿಯಾಯಿತು.

ಆದರೆ ಫೈಲು ತೆರೆದ ಗಳಿಗೆಯಲ್ಲೇ ಇನ್ನೊಂದು ನಡೆದುಹೋಗಿತ್ತು. ಎಕ್ಸೆಲ್ 0123101004567 ಅನ್ನು ಸಂಖ್ಯೆ ಅಂತ ತೀರ್ಮಾನಿಸಿತು. ಸಂಖ್ಯೆಗೆ ಮುಂದಿನ ಸೊನ್ನೆ ಯಾಕೆ ಬೇಕು ಅಂತ ಬಿಟ್ಟಿತು. ಉಳಿದದ್ದು 12 ಅಂಕಿ. ಸಾಮಾನ್ಯ ಫಾರ್ಮ್ಯಾಟಿನಲ್ಲಿ, ಅಂದರೆ ಜನರಲ್‌ನಲ್ಲಿ, 11 ಅಂಕಿವರೆಗೆ ಪೂರ್ತಿ ಕಾಣುತ್ತದೆ. 12 ಆದ ಕೂಡಲೇ 1.23101ಇ+11 ಅಂತ ಚುಟುಕಾಗಿ ತೋರಿಸುತ್ತದೆ, ಅಂದರೆ 1.23101ರ ಚುಕ್ಕಿಯನ್ನು 11 ಸ್ಥಾನ ಬಲಕ್ಕೆ ಸರಿಸಿ ಓದಬೇಕು. ಅವರು ಅದನ್ನು ನೋಡಿ ನಂಬರ್ ಫಾರ್ಮ್ಯಾಟಿಗೆ ಬದಲಿಸಿ, ದಶಮಾಂಶ ಸೊನ್ನೆ ಮಾಡಿದರು. 123101004567 ಕಾಣಿಸಿತು. ಸದ್ಯ ಪೂರ್ತಿ ಬಂತಲ್ಲ ಅಂದುಕೊಂಡರು.

ಹಾಗೆ ಬದಲಿಸದೆ ಉಳಿಸಿದ್ದರೆ ಇನ್ನೂ ಕೆಡುತ್ತಿತ್ತು. ಫೈಲಿಗೆ 1.23101ಇ+11 ಅಂತಲೇ ಹೋಗುತ್ತಿತ್ತು. ಅದನ್ನು ಮತ್ತೆ ತೆರೆದರೆ 123101000000. ಕೊನೆಯ ಆರು ಅಂಕಿ ಸೊನ್ನೆಯಾಗಿ, ಮೂಲ ಸಂಖ್ಯೆ ಆ ಫೈಲಿನಿಂದ ಶಾಶ್ವತವಾಗಿ ಹೋಗುತ್ತಿತ್ತು. ಆಧಾರ್ ಸಂಖ್ಯೆಗೂ ಪಿಎಫ್‌ನ ಯುಎಎನ್‌ಗೂ 12 ಅಂಕಿ ಇರುವುದರಿಂದ ಆ ಕಾಲಂಗಳಲ್ಲಿ ಈ ಕಾಟ ಜಾಸ್ತಿ.

ಸೆಲ್‌ನಲ್ಲಿ ಇರುವುದು, ಸೆಲ್‌ನಲ್ಲಿ ಕಾಣುವುದು

ಇಷ್ಟಾದ ಮೇಲೆ ಮೂಲ ಹಾಳೆಗೆ ಹೋದೆವು. 27ನೇ ಸದಸ್ಯರ ಖಾತೆ ಸಂಖ್ಯೆಯ ಸೆಲ್ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾರ್ಮುಲಾ ಬಾರ್ ನೋಡಿ ಅಂದೆ. ಸೆಲ್‌ನಲ್ಲಿ 0123101004567. ಫಾರ್ಮುಲಾ ಬಾರ್‌ನಲ್ಲಿ 123101004567. ಕಾರ್ಯದರ್ಶಿಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಂಗಾದ್ರೆ ಸೊನ್ನೆ ಮೊದಲಿಂದಲೂ ಇರಲೇ ಇಲ್ವಾ?" ಅಂದರು.

ಇರಲಿಲ್ಲ. ಟೈಪ್ ಮಾಡಿದಾಗಲೇ ಹೋಗಿತ್ತು. ಸೊನ್ನೆ ಕಾಣದ್ದನ್ನು ನೋಡಿ ಅವರು ಯಾರನ್ನೋ ಕೇಳಿದ್ದರು. ಫಾರ್ಮ್ಯಾಟ್ ಸೆಲ್ಸ್‌ನ ಕಸ್ಟಮ್‌ನಲ್ಲಿ 13 ಸೊನ್ನೆ ಹಾಕಿದರೆ ಸರಿಯಾಗುತ್ತೆ ಅಂತ ಹೇಳಿಕೊಟ್ಟಿದ್ದರು. ಆ ಸಾಲುಗಳಿಗೆ ಹಾಗೇ ಮಾಡಿದ್ದರು. ಅದು ಕಾಣುವುದನ್ನು ಬದಲಿಸುತ್ತದೆ, ಇರುವುದನ್ನಲ್ಲ. ಪ್ರಿಂಟಿಗೆ ಅಷ್ಟೇ ಸಾಕಿತ್ತು.

ನಾನು ಎಲ್ಲರಿಗೂ ಹೇಳುವ ಒಂದೇ ಮಾತು ಇದು. ಪ್ರತಿ ಸೆಲ್‌ಗೂ ಎರಡು ಪದರ ಇದೆ. ಒಳಗೆ ಮೌಲ್ಯ, ಮೇಲೆ ಫಾರ್ಮ್ಯಾಟು. ಎಕ್ಸೆಲ್‌ನ ಸ್ವಂತ ಫೈಲು, ಅಂದರೆ ಎಕ್ಸ್‌ಎಲ್‌ಎಸ್‌ಎಕ್ಸ್, ಎರಡನ್ನೂ ಹೊತ್ತುಕೊಂಡಿರುತ್ತದೆ. ಸಿಎಸ್‌ವಿಗೆ ಒಂದೇ ಪದರಕ್ಕೆ ಜಾಗ. ಉಳಿಸುವಾಗ ಕಾಣುವ ಪದರ ಹೋಗುತ್ತದೆ, ಒಳಗಿನದು ಬಿದ್ದುಹೋಗುತ್ತದೆ. ಮತ್ತೆ ತೆರೆದಾಗ ಫಾರ್ಮ್ಯಾಟು ಇರುವುದಿಲ್ಲವಾದ್ದರಿಂದ ಎಕ್ಸೆಲ್ ಹೊಸದಾಗಿ ಊಹೆ ಮಾಡುತ್ತದೆ. ಅಂದರೆ ಹಾನಿಯಾಗಲು ಮೂರು ಜಾಗ ಇದೆ: ಟೈಪ್ ಮಾಡುವಾಗ, ಉಳಿಸುವಾಗ, ಮತ್ತೆ ತೆರೆಯುವಾಗ. ಯಾವ ಜಾಗದಲ್ಲಿ ಕೆಟ್ಟಿತು ಅಂತ ಗೊತ್ತಾಗದೆ ಔಷಧಿ ಹಾಕಬಾರದು.

ಹಾಳೆಯಲ್ಲಿ ಎಲ್ಲ ಕಾಲಂ ನಡುವಿಗೆ ಜೋಡಿಸಿದ್ದು ಇಲ್ಲಿ ಇನ್ನೊಂದು ತೊಡಕು ಮಾಡಿತ್ತು. ಎಕ್ಸೆಲ್ ತಾನಾಗಿ ಸಂಖ್ಯೆಯನ್ನು ಬಲಕ್ಕೆ, ಪಠ್ಯವನ್ನು ಎಡಕ್ಕೆ ಇಡುತ್ತದೆ. ಅದೊಂದು ಉಚಿತ ಸುಳಿವು. ನಡುವಿಗೆ ಜೋಡಿಸಿದರೆ ಆ ಸುಳಿವು ಮುಚ್ಚಿಹೋಗುತ್ತದೆ. ಜೋಡಣೆ ತೆಗೆಸಿದೆ. ಖಾತೆ ಸಂಖ್ಯೆಗಳೆಲ್ಲ ಬಲಕ್ಕೆ ಸರಿದವು. ಎಲ್ಲವೂ ಸಂಖ್ಯೆಗಳೇ, ಒಂದೂ ಪಠ್ಯ ಅಲ್ಲ.

ವಾರಗಿತ್ತಿಯರ ಖಾತೆ

ವಾಪಸ್ ಬಂದ 17ರಲ್ಲಿ 13 ಜನರದು ಸೊನ್ನೆಯ ಕಥೆ. ಉಳಿದ ನಾಲ್ವರು 16 ಅಂಕಿಯ ಖಾತೆಯವರು. ಅವರ ಸಂಖ್ಯೆ ಸೊನ್ನೆಯಿಂದ ಶುರುವಾಗುವುದಿಲ್ಲ. ಹಾಳೆಯಲ್ಲಿ ಪೂರ್ತಿ 16 ಅಂಕಿಯೂ ಇದೆ. ಫಾರ್ಮುಲಾ ಬಾರ್‌ನಲ್ಲೂ ಇದೆ, ಫೈಲಿನಲ್ಲೂ ಇದೆ. ಮತ್ತೆ ಯಾಕೆ ವಾಪಸ್?

ನಾಲ್ಕನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆವು. ನಾಲ್ಕೂ ಸೊನ್ನೆಯಲ್ಲೇ ಮುಗಿಯುತ್ತಿದ್ದವು. ಅದರಲ್ಲೂ ಎರಡು ಸಾಲು ಅಂಕಿ ಅಂಕಿಯೂ ಒಂದೇ: 1234500100678900. ಆ ಇಬ್ಬರು ವಾರಗಿತ್ತಿಯರು, ಬೇರೆ ಬೇರೆ ಸಂಸಾರ, ಬೇರೆ ಬೇರೆ ಹಸುಗಳು. ಇಬ್ಬರಿಗೂ ಒಂದೇ ಖಾತೆ ಇರಲು ಸಾಧ್ಯವಿಲ್ಲ. ಪಾಸ್‌ಬುಕ್ ತರಿಸಿದೆವು. ಒಬ್ಬರದು 1234500100678901, ಇನ್ನೊಬ್ಬರದು 1234500100678902. ಒಂದೇ ದಿನ ಹೋಗಿ ಖಾತೆ ತೆರೆದಿದ್ದರು.

ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ. 16ನೆಯದನ್ನು ಟೈಪ್ ಮಾಡಿ ಎಂಟರ್ ಒತ್ತಿದ ಕ್ಷಣ ಅದು ಸೊನ್ನೆ. ಒಂದು ಎಚ್ಚರಿಕೆಯ ಮಾತೂ ಬರುವುದಿಲ್ಲ. ಇಲ್ಲಿ ಫಾರ್ಮ್ಯಾಟು ತಪ್ಪಾಗಿ ತೋರಿಸುತ್ತಿಲ್ಲ, ಮೌಲ್ಯವೇ ಹೋಗಿದೆ. ಆ ಸೆಲ್ಲನ್ನು ಆಮೇಲೆ ಟೆಕ್ಸ್ಟ್ ಫಾರ್ಮ್ಯಾಟಿಗೆ ಬದಲಿಸಿದರೂ ಕಳೆದ ಅಂಕಿ ಬರುವುದಿಲ್ಲ. ಟೈಪ್ ಮಾಡುವ ಮುಂಚೆ ಬದಲಿಸಿದ್ದರೆ ಮಾತ್ರ ಉಳಿಯುತ್ತಿತ್ತು. ಕಂಪ್ಯೂಟರಿನ ಸಂಖ್ಯಾ ಪದ್ಧತಿಯಲ್ಲಿ ಈ ಅಳತೆಯ ಪೂರ್ಣಾಂಕ ಹಿಡಿಯುವಷ್ಟು ಜಾಗ ಇದೆ. 9007199254740992ರವರೆಗೆ ಒಂದೂ ತಪ್ಪಿಲ್ಲದೆ ಹಿಡಿಯಬಹುದು. ಎಕ್ಸೆಲ್ 15ಕ್ಕೇ ಕತ್ತರಿಸುವುದು ಅದು ಇಟ್ಟುಕೊಂಡ ನಿಯಮ. ಖಾತೆ ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಗುಣಿಸುವುದಿಲ್ಲ. ಅದು ಅಂಕಿಗಳಲ್ಲಿ ಬರೆದ ಹೆಸರು. ಅದನ್ನು ಸಂಖ್ಯೆ ಅಂತ ಹಿಡಿದುಕೊಳ್ಳುವುದೇ ಮೊದಲ ತಪ್ಪು.

ನಾಲ್ಕು ಪೈಸೆ

ಸದಸ್ಯರ ಮೊತ್ತಗಳನ್ನು ಸರಿ ಮಾಡಿ ಹಾಕಿದಾಗಲೂ ಪೋರ್ಟಲ್ ಮೊದಲು ಇನ್ನೊಂದು ತಕರಾರು ತೆಗೆದಿತ್ತು. ಫೈಲಿನ ಮೊದಲ ಸಾಲಿನಲ್ಲಿ ಒಟ್ಟು ಎಷ್ಟು ಜನ, ಒಟ್ಟು ಎಷ್ಟು ಮೊತ್ತ ಅಂತ ಕೊಡಬೇಕು. ಸಂಘದ ಹಾಳೆಯಲ್ಲಿ ಒಟ್ಟು 6,12,904.18. ಪೋರ್ಟಲ್ ಕೂಡಿದಾಗ ಬಂದದ್ದು 6,12,904.22. ತಾಳೆಯಿಲ್ಲ. ಆಗ ಕಾರ್ಯದರ್ಶಿಯವರು ಪೋರ್ಟಲ್ ಹೇಳಿದ ಮೊತ್ತವನ್ನೇ ಮೇಲೆ ಬರೆದು ಹಾಕಿದ್ದರು.

ನಾಲ್ಕು ಪೈಸೆ ಅಂತ ಬಿಡುವ ಹಾಗಿಲ್ಲ. ಸಂಘದ ನಗದು ಪುಸ್ತಕಕ್ಕೂ ಬ್ಯಾಂಕಿಗೂ ವ್ಯತ್ಯಾಸ ಬಂದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಕಾರ್ಯದರ್ಶಿ. ಪ್ರತಿ ಬಟವಾಡೆಗೂ ಒಂದೊಂದು ಪೈಸೆ ಆಚೀಚೆ ಆದರೆ ವರ್ಷದ ಕೊನೆಗೆ ಹುಡುಕುವುದು ನರಕ.

ಕಾರಣ ಹೀಗಿದೆ. ಪ್ರತಿ ದಿನದ ಹಾಲಿಗೆ ಲೀಟರು ಗುಣಿಸು ದರ. ದರ ಫ್ಯಾಟು (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಮೇಲೆ ನಿಂತಿರುತ್ತದೆ. ಗುಣಾಕಾರದಲ್ಲಿ ಮೂರನೇ, ನಾಲ್ಕನೇ ದಶಮಾಂಶ ಬಂದೇ ಬರುತ್ತದೆ. 27ನೇ ಸದಸ್ಯರ ಸೆಲ್‌ನ ಒಳಗೆ ಇದ್ದದ್ದು 3482.7468. ಕಾಣುತ್ತಿದ್ದದ್ದು 3,482.75. ಒಟ್ಟು ಕೂಡುವ ಸೂತ್ರ ಒಳಗಿನದನ್ನು ಕೂಡುತ್ತದೆ. ಸಿಎಸ್‌ವಿಗೆ ಹೋಗುವುದು ಕಾಣುವುದು. ಬೇಕಾದರೆ ನೀವೇ ನೋಡಿ. ಮೂರು ಸೆಲ್‌ಗಳಲ್ಲಿ 10.004 ಬರೆದು ಎರಡು ದಶಮಾಂಶ ಇಡಿ. ಮೂರೂ 10.00 ಅಂತ ಕಾಣುತ್ತವೆ, ಮೊತ್ತ 30.01 ಅಂತ ಬರುತ್ತದೆ. ಸುಮಾರು ಇನ್ನೂರು ಸದಸ್ಯರ ಪಟ್ಟಿಯಲ್ಲಿ ಇದು ಕೆಲವು ಪೈಸೆಗಳಾಗುವುದು ಸಹಜ.

ಇದಕ್ಕೆ ಪರಿಹಾರ ಫಾರ್ಮ್ಯಾಟಿನಲ್ಲಿ ಇಲ್ಲ, ಸೂತ್ರದಲ್ಲಿದೆ. ಪ್ರತಿ ಸದಸ್ಯರ ಮೊತ್ತವನ್ನು ರೌಂಡ್ ಸೂತ್ರದೊಳಗೆ ಇಟ್ಟು ಎರಡು ದಶಮಾಂಶಕ್ಕೆ ನಿಜವಾಗಿಯೂ ಕತ್ತರಿಸಿದೆವು. ಆಮೇಲೆ ಒಟ್ಟು ಕೂಡಿದರೆ ಹಾಳೆ, ಫೈಲು, ಪೋರ್ಟಲ್ ಮೂರಕ್ಕೂ ಒಂದೇ ಉತ್ತರ. ಎಕ್ಸೆಲ್‌ನಲ್ಲಿ "ಕಾಣುವಷ್ಟೇ ನಿಖರತೆ ಇಟ್ಟುಕೋ" ಅನ್ನುವ ಒಂದು ಆಯ್ಕೆ ಇದೆ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಇಡೀ ವರ್ಕ್‌ಬುಕ್‌ನ ದರ, ಫ್ಯಾಟು, ಎಲ್ಲ ಕಾಲಂಗಳ ಒಳಗಿನ ಅಂಕಿಗಳನ್ನೂ ಅದು ಕತ್ತರಿಸಿ ಹಾಕುತ್ತದೆ. ಹಿಂದಕ್ಕೆ ಬರಲು ಆಗುವುದಿಲ್ಲ.

ಹೆಸರು, ದಿನಾಂಕ

ಹೆಸರಿನ ಕಾಲಂನಲ್ಲಿ ಎರಡು ತರಹದ ಕೆಡುಕು ಕಂಡಿತು. ಹೊಸ ಸದಸ್ಯರ ಹೆಸರು ಯೂನಿಕೋಡ್‌ನಲ್ಲಿ, ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಪದ್ಧತಿಯಲ್ಲಿ, ಟೈಪ್ ಆಗಿತ್ತು, ಅವು ಪ್ರಶ್ನಾರ್ಥಕಗಳಾಗಿದ್ದವು. ಹಳೆಯವರ ಹೆಸರು ನುಡಿಯ ಹಳೆಯ ಫಾಂಟಿನಲ್ಲಿತ್ತು, ಅವು ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ರಾಶಿಯಾಗಿದ್ದವು. ನನಗೆ ಇದು ಇಡೀ ಪ್ರಕರಣದ ತುಂಬಾ ಮುಖ್ಯವಾದ ಭಾಗ ಅನಿಸುತ್ತದೆ, ಯಾಕಂದ್ರೆ ನಮ್ಮ ಕಚೇರಿಗಳಲ್ಲಿ ಇಂಥ ಹಾಳೆಗಳು ಇನ್ನೂ ರಾಶಿ ಇವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಸೆಲ್‌ನ ಒಳಗೆ ಕನ್ನಡ ಇರುವುದೇ ಇಲ್ಲ. ರೋಮನ್ ಸಂಕೇತಗಳಿರುತ್ತವೆ, ಅವಕ್ಕೆ ಫಾಂಟು ಕನ್ನಡದ ರೂಪ ಕೊಡುತ್ತದೆ. ಫಾಂಟು ಅನ್ನುವುದೂ ಫಾರ್ಮ್ಯಾಟೇ ಅಲ್ವಾ? ಸಿಎಸ್‌ವಿಗೆ ಹೋದಾಗ ಅದು ಬಿದ್ದುಹೋಗುತ್ತದೆ, ಅದರ ಜೊತೆಗೆ ಕನ್ನಡವೂ.

ಯೂನಿಕೋಡ್ ಹೆಸರುಗಳಿಗೆ ಪರಿಹಾರ ಸುಲಭ. ಉಳಿಸುವಾಗ ಬರೀ ಸಿಎಸ್‌ವಿ ಬದಲು "ಸಿಎಸ್‌ವಿ ಯುಟಿಎಫ್-8" ಆರಿಸಿದರೆ ಕನ್ನಡ ಹಾಗೇ ಉಳಿಯುತ್ತದೆ. ಹಳೆಯ ಫಾಂಟಿನವನ್ನು ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು. ಈ ಪೋರ್ಟಲ್‌ಗೆ ಇಂಗ್ಲಿಷ್ ಹೆಸರೇ ಬೇಕಿತ್ತು. ಹಾಗಾಗಿ ಪಾಸ್‌ಬುಕ್‌ನಲ್ಲಿ ಇರುವಂತೆ ಇನ್ನೊಂದು ಕಾಲಂ ಮಾಡಿದೆವು.

ದಿನಾಂಕ ಈ ಸಲ ಕೈ ಕೊಟ್ಟಿರಲಿಲ್ಲ. ಬಟವಾಡೆ 16ನೇ ತಾರೀಖಿಗೆ ಇತ್ತು, ಅಷ್ಟೇ. ಆ ಕಂಪ್ಯೂಟರಿನ ವಿಂಡೋಸ್ ಅಮೆರಿಕದ ಪದ್ಧತಿಯಲ್ಲಿತ್ತು, ತಿಂಗಳು ಮೊದಲು. 16ನೇ ತಿಂಗಳು ಇಲ್ಲದ್ದರಿಂದ ಎಕ್ಸೆಲ್ ಅದನ್ನು ಪಠ್ಯ ಅಂತ ಬಿಟ್ಟಿತ್ತು. ಅದೇ 5ನೇ ತಾರೀಖು ಆಗಿದ್ದರೆ 05-04 ಅನ್ನುವುದು ಮೇ 4 ಆಗಿ ಕೂರುತ್ತಿತ್ತು. ತಿಂಗಳ ಮೊದಲ 12 ದಿನ ಮಾತ್ರ ಬರುವ ಈ ದೋಷ ಹಿಡಿಯಲು ಬಹಳ ಕಷ್ಟ. ಒಳಗೆ ಎಕ್ಸೆಲ್ ದಿನಾಂಕವನ್ನು ಒಂದು ಸಂಖ್ಯೆಯಾಗಿ ಇಡುತ್ತದೆ. 1900ರ ಜನವರಿ 1 ಅಂದರೆ 1, 2023ರ ಮಾರ್ಚ್ 15 ಅಂದರೆ 45000. ದಿನಾಂಕದ ಸೆಲ್ಲನ್ನು ಜನರಲ್‌ಗೆ ಬದಲಿಸಿ ನೋಡಿದಾಗ ಇಂಥ ಐದಂಕಿ ಕಂಡರೆ ಅದು ನಿಜವಾದ ದಿನಾಂಕ, ಕಾಣದಿದ್ದರೆ ಪಠ್ಯ. ವಿಂಡೋಸ್‌ನ ಪ್ರದೇಶವನ್ನು ಭಾರತಕ್ಕೆ ಬದಲಿಸಿದೆವು.

ಸರಿ ಮಾಡಿದ ಬಗೆ

ಮೂಲ ಹಾಳೆಯನ್ನು ಮುಟ್ಟಲಿಲ್ಲ. ಪ್ರಿಂಟಿಗೆ, ನೋಟಿಸ್ ಬೋರ್ಡಿಗೆ ಅದು ಬೇಕು. ಪಕ್ಕದಲ್ಲಿ "ಬ್ಯಾಂಕ್" ಅಂತ ಇನ್ನೊಂದು ಹಾಳೆ ಮಾಡಿದೆವು. ಅದಕ್ಕೆ ಬಣ್ಣ ಇಲ್ಲ, ಮರ್ಜ್ ಇಲ್ಲ, ಶೀರ್ಷಿಕೆ ಇಲ್ಲ. ಮೊತ್ತ ಸೂತ್ರದಿಂದ ಬರುತ್ತದೆ, ಎರಡು ದಶಮಾಂಶ, ಕಾಮಾ ಇಲ್ಲ, ರೂಪಾಯಿ ಚಿಹ್ನೆ ಇಲ್ಲ.

ಖಾತೆ ಸಂಖ್ಯೆಯ ಕಾಲಂನ್ನು ಖಾಲಿ ಇರುವಾಗಲೇ ಟೆಕ್ಸ್ಟ್ ಮಾಡಿದೆವು. 16 ಅಂಕಿಯ ನಾಲ್ಕನ್ನು ಪಾಸ್‌ಬುಕ್ ನೋಡಿ ಹೊಸದಾಗಿ ಟೈಪ್ ಮಾಡಿದರು. ಅದಕ್ಕೆ ಬೇರೆ ದಾರಿ ಇಲ್ಲ. 13 ಅಂಕಿಯವಕ್ಕೆ ಹೋದದ್ದು ಮುಂದಿನ ಸೊನ್ನೆ ಮಾತ್ರ, ಹಾಗಾಗಿ ಸೂತ್ರದಿಂದ ಸೇರಿಸಬಹುದಿತ್ತು. ಆದರೆ ಎಲ್ಲ ಸಾಲಿಗೂ ಕಣ್ಣುಮುಚ್ಚಿ 13 ಅಂಕಿ ಮಾಡಿದರೆ 11 ಅಂಕಿಯವರ ಖಾತೆ ಕೆಡುತ್ತದೆ. ಬ್ಯಾಂಕ್ ಶಾಖೆಯ ಗುರುತಾದ ಐಎಫ್‌ಎಸ್‌ಸಿ ಕೋಡಿನ ಮೊದಲ ನಾಲ್ಕು ಅಕ್ಷರ ಬ್ಯಾಂಕನ್ನು ಹೇಳುತ್ತದೆ. ಆ ನಾಲ್ಕು ಅಕ್ಷರಕ್ಕೆ ಎಷ್ಟು ಅಂಕಿ ಅಂತ ಒಂದು ಚಿಕ್ಕ ಪಟ್ಟಿ ಮಾಡಿ, ಕಡಿಮೆ ಬಿದ್ದಷ್ಟೇ ಸೊನ್ನೆ ಸೇರಿಸಿದೆವು. ಆಮೇಲೆ ಒಂದೊಂದನ್ನೂ ಪಾಸ್‌ಬುಕ್ ಪ್ರತಿಯ ಜೊತೆ ಓದಿ ನೋಡಿದರು. ಒಬ್ಬರು ಓದುವುದು, ಒಬ್ಬರು ನೋಡುವುದು. ಜನರ ದುಡ್ಡು, ಸೂತ್ರವನ್ನು ನಂಬಿ ಕೂರಬಾರದು.

ಐಎಫ್‌ಎಸ್‌ಸಿಗೂ ಒಂದು ಪರೀಕ್ಷೆ ಇಟ್ಟೆವು. ಅದು 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಇಂಗ್ಲಿಷಿನ ಓ ಅಕ್ಷರ ಟೈಪ್ ಆಗಿದ್ದ ಎರಡು ಸಾಲು ಅಲ್ಲೇ ಸಿಕ್ಕವು.

ಟೆಕ್ಸ್ಟ್ ಮಾಡಿದ ಮೇಲೆ ಸೆಲ್‌ನ ಮೂಲೆಯಲ್ಲಿ ಹಸಿರು ತ್ರಿಕೋನ ಕಾಣುತ್ತದೆ. ಸಂಖ್ಯೆಯನ್ನು ಪಠ್ಯವಾಗಿ ಇಟ್ಟಿದ್ದೀರಿ, ಬದಲಿಸಲೇ ಅಂತ ಕೇಳುತ್ತದೆ. ಅದನ್ನು ಒತ್ತಿದರೆ ಮಾಡಿದ್ದೆಲ್ಲ ಹೋಯಿತು. ಈ ಹಾಳೆಯಲ್ಲಿ ಹಸಿರು ತ್ರಿಕೋನ ಇರಲೇಬೇಕು, ಇಲ್ಲದಿದ್ದರೆ ಫೋನ್ ಮಾಡಿ ಅಂತ ಕಾರ್ಯದರ್ಶಿಯವರಿಗೆ ಹೇಳಿದ್ದೇನೆ. ಸಂಖ್ಯೆಯ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕಿ ಟೈಪ್ ಮಾಡಿದರೂ ಪಠ್ಯವಾಗುತ್ತದೆ, ಆ ಚಿಹ್ನೆ ಸಿಎಸ್‌ವಿಗೆ ಹೋಗುವುದಿಲ್ಲ.

ಒಂದೇ ಖಾತೆ ಎರಡು ಸಲ ಬಂದಿದೆಯಾ ಅಂತ ನೋಡಲು ಕೌಂಟ್‌ಇಫ್ ಸೂತ್ರ ಹಾಕಿದಾಗ ಒಂದು ಹೊಸ ಗಾಬರಿ. ವಾರಗಿತ್ತಿಯರ ಖಾತೆ ಮತ್ತೆ ಎರಡು ಸಲ ಇದೆ ಅಂತ ತೋರಿಸಿತು. ಈಗ ಅವು 8901, 8902 ಅಂತ ಸರಿಯಾಗಿಯೇ ಇದ್ದವು, ಪಠ್ಯವಾಗಿಯೇ ಇದ್ದವು. ಕೌಂಟ್‌ಇಫ್ ಅಂಕಿಗಳಿರುವ ಪಠ್ಯವನ್ನೂ ಹೋಲಿಸುವಾಗ ಸಂಖ್ಯೆ ಮಾಡಿಕೊಳ್ಳುತ್ತದೆ. ಅಲ್ಲೂ 15 ಅಂಕಿಯ ಮಿತಿ ಬರುತ್ತದೆ. ಸಮ್‌ಪ್ರಾಡಕ್ಟ್ ಸೂತ್ರದಲ್ಲಿ ಸಮ ಚಿಹ್ನೆ ಹಾಕಿ ನೇರವಾಗಿ ಹೋಲಿಸಿದರೆ ಸರಿಯಾದ ಉತ್ತರ ಬಂತು.

ಕೊನೆಗೆ ಒಂದು ಕಟ್ಟುನಿಟ್ಟು. ಸಿಎಸ್‌ವಿ ಆದ ಮೇಲೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡುವ ಹಾಗಿಲ್ಲ. ನೋಡಬೇಕಾದರೆ ನೋಟ್‌ಪ್ಯಾಡ್. ಏನಾದರೂ ಬದಲಿಸಬೇಕಾದರೆ ಹಾಳೆಯಲ್ಲಿ ಬದಲಿಸಿ ಹೊಸದಾಗಿ ಉಳಿಸಬೇಕು. ಬೇರೆ ಯಾರೋ ಕಳಿಸಿದ ಸಿಎಸ್‌ವಿಯನ್ನು ಎಕ್ಸೆಲ್‌ಗೆ ತರಲೇಬೇಕಾದರೆ ಡೇಟಾ ಮೆನುವಿನಿಂದ ಆಮದು ಮಾಡಿ, ವಿಧ ಗುರುತಿಸಬೇಡ ಅನ್ನುವುದನ್ನು ಆರಿಸಬೇಕು. ಹಳೆಯ ಎಕ್ಸೆಲ್ ಇರುವ ಸಂಘಗಳಲ್ಲಿ ಫೈಲಿನ ಕೊನೆಯ ಸಿಎಸ್‌ವಿ ಅನ್ನುವುದನ್ನು ಟಿಎಕ್ಸ್‌ಟಿ ಅಂತ ಬದಲಿಸಿ ಎಕ್ಸೆಲ್‌ನ ಒಳಗಿನಿಂದ ತೆರೆದರೆ ಕಾಲಂ ಒಂದೊಂದಕ್ಕೂ ವಿಧ ಕೇಳುತ್ತದೆ.

ಎಕ್ಸೆಲ್ ಬಿಟ್ಟು ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಹಾಕಿದರೆ ಆಗುತ್ತಾ ಅಂತ ಸಂಘದ ಒಬ್ಬ ನಿರ್ದೇಶಕರು ಕೇಳಿದರು. ಅಲ್ಲಿ ಸಿಎಸ್‌ವಿ ಉಳಿಸುವಾಗ "ಸೆಲ್‌ನಲ್ಲಿ ಕಾಣುವಂತೆ ಉಳಿಸು" ಅಂತ ಒಂದು ಟಿಕ್ ಇದೆ. ಅದು ನಿಜಕ್ಕೂ ಒಳ್ಳೆಯದು, ಎರಡು ಪದರ ಇದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಆದರೆ ಟಿಕ್ ಇಟ್ಟರೆ ಕಾಮಾ, ರೂಪಾಯಿ ಬರುತ್ತವೆ. ತೆಗೆದರೆ 3482.7468 ಬರುತ್ತದೆ, ಖಾತೆಯ ಸೊನ್ನೆ ಹೋಗುತ್ತದೆ. ಗೂಗಲ್ ಶೀಟ್ಸ್ ಕೂಡ ಕಾಣುವುದನ್ನೇ ಕೊಡುತ್ತದೆ. ಹಾಳೆ ಸರಿ ಮಾಡದೆ ಸಾಫ್ಟ್‌ವೇರ್ ಬದಲಿಸಿ ಪ್ರಯೋಜನ ಇಲ್ಲ.

ಕಾರ್ಯದರ್ಶಿಯವರು ತಮ್ಮಿಂದಲೇ ಹೀಗಾಯಿತು ಅಂತ ತುಂಬಾ ನೊಂದುಕೊಂಡಿದ್ದರು. ನಾನು ಒಪ್ಪಲಿಲ್ಲ. ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳೂ ಇದಕ್ಕೆ ಸಿಕ್ಕಿದ್ದಾರೆ. ಸೆಪ್ಟ್1, ಮಾರ್ಚ್1 ಅನ್ನುವ ಹೆಸರಿನ ವಂಶವಾಹಿಗಳನ್ನು ಎಕ್ಸೆಲ್ ಸೆಪ್ಟೆಂಬರ್ 1, ಮಾರ್ಚ್ 1 ಅಂತ ದಿನಾಂಕ ಮಾಡಿಬಿಡುತ್ತಿತ್ತು. ಎಕ್ಸೆಲ್‌ನಲ್ಲಿ ವಂಶವಾಹಿ ಪಟ್ಟಿ ಲಗತ್ತಿಸಿದ ಸಂಶೋಧನಾ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಈ ತಪ್ಪಿದೆ ಅಂತ 2016ರ ಒಂದು ಅಧ್ಯಯನ ತೋರಿಸಿತು. ಕೊನೆಗೆ 2020ರಲ್ಲಿ ವಂಶವಾಹಿಗಳ ಹೆಸರನ್ನೇ ಬದಲಿಸಿದರು. ಮೈಕ್ರೋಸಾಫ್ಟ್ ಈ ಸ್ವಯಂ ಬದಲಾವಣೆಯನ್ನು ನಿಲ್ಲಿಸುವ ಆಯ್ಕೆಗಳನ್ನು ಎಲ್ಲರಿಗೂ ಕೊಟ್ಟದ್ದು 2023ರ ಅಕ್ಟೋಬರ್‌ನಲ್ಲಿ. ಮುಂದಿನ ಸೊನ್ನೆ ತೆಗೆಯಬೇಡ, ಉದ್ದ ಸಂಖ್ಯೆ ಕತ್ತರಿಸಬೇಡ ಅಂತ ಈಗ ಹೊಸ ಆವೃತ್ತಿಯಲ್ಲಿ ಹೇಳಬಹುದು. ಹಳೆಯ ಆವೃತ್ತಿಯಲ್ಲಿ ಅದಿಲ್ಲ. ಸಂಘದ ಕಂಪ್ಯೂಟರಿನಲ್ಲಿ ಇದ್ದದ್ದು ಹಳೆಯದು.

17 ಜನರ ಮೊತ್ತಕ್ಕೆ ಹೊಸ ಫೈಲು ಮಾಡಿ ಮಾರನೇ ದಿನ ಏರಿಸಿದರು. ಎಲ್ಲರಿಗೂ ಹೋಯಿತು. ಬರೀ ಆ 17 ಸಾಲಿನ ಮೊತ್ತವೇ ಮೇಲೆ ಇದ್ದದ್ದರಿಂದ ತಾಳೆಯೂ ಸರಿ ಬಂತು. ಹಿಂದಿನ ನಾಲ್ಕು ಪೈಸೆಯನ್ನು ವ್ಯತ್ಯಾಸದ ನಮೂದಾಗಿ ಪುಸ್ತಕಕ್ಕೆ ತೆಗೆದುಕೊಂಡು, ಕಾರಣವನ್ನು ಎರಡು ಸಾಲಲ್ಲಿ ಬರೆದು ಅಧ್ಯಕ್ಷರ ಸಹಿ ಹಾಕಿಸಿದ್ದಾರೆ. ಮುಂದಿನ ಬಟವಾಡೆಯಲ್ಲಿ ಒಬ್ಬರದು ಮಾತ್ರ ವಾಪಸ್ ಬಂತು. ಅವರ ಖಾತೆ ವ್ಯವಹಾರವಿಲ್ಲದೆ ನಿಂತುಹೋಗಿತ್ತು, ಅದಕ್ಕೆ ಅವರು ಶಾಖೆಗೆ ಹೋಗಿ ಕೆವೈಸಿ ಕೊಡಬೇಕಾಯಿತು.